ಬಿಡದ ಹೊಲಿಗೆ

ಅವರ ತುಟಿಗಳ ನಡುವೆ ಯಾವಾಗಲೂ ನಾಲ್ಕಾರು ಗುಂಡುಸೂಜಿಗಳಿರುತ್ತಿದ್ದವು. ಸೂಜಿಗಳನ್ನು ಹಾಗೇ ಕಚ್ಚಿಕೊಂಡು, ಬಾಯಿಯ ಬಲಗಡೆಯ ಮೂಲೆಯಿಂದ ಮಾತಾಡುತ್ತಿದ್ದರು, ನಗುತ್ತಿದ್ದರು, ಮಕ್ಕಳನ್ನು ಗದರಿಸುತ್ತಿದ್ದರು. ಹೊಸಬರು ನೋಡಿದರೆ ಎಲ್ಲಿ ನುಂಗಿಬಿಡುತ್ತಾರೋ ಎಂದು ಎದೆ ನಡುಗಬೇಕು. ನನಗೂ ಮೊದಲ ದಿನ ಹಾಗೇ ಆಯಿತು. ಬೇಲಿಯಾಚೆಯಿಂದ ಅವರು ನನ್ನನ್ನು ನೋಡಿ, "ಮೈಸೂರಿನವರಂತೆ ಅಲ್ವಾ? ಕಾಫಿಪುಡಿ ಉಂಟಾ, ಬೇಕಾ?" ಎಂದು ಕೇಳಿದಾಗ ನಾನು ಉತ್ತರ ಕೊಡುವುದನ್ನು ಬಿಟ್ಟು ಆ ಸೂಜಿಗಳನ್ನೇ ನೋಡುತ್ತ ನಿಂತಿದ್ದೆ.

ಅರವತ್ತರ ದಶಕದ ನಡುಭಾಗ. ನನ್ನ ಗಂಡನಿಗೆ ಎರ್ನಾಕುಲಂನ ಬ್ಯಾಂಕಿಗೆ ವರ್ಗವಾಗಿ, ಮದುವೆಯಾದ ಹೊಸತರಲ್ಲೇ ನಾವು ತ್ರಿಪ್ಪುಣಿತ್ತುರದಲ್ಲಿ ಬಾಡಿಗೆಮನೆ ಹಿಡಿದಿದ್ದೆವು. ಪಕ್ಕದ ಮನೆ ಅವರದು. ಕಾಸರಗೋಡಿನ ಕಡೆಯವರು. ಯಜಮಾನರು ಎರ್ನಾಕುಲಂನ ನ್ಯಾಯಾಲಯದ ಕಚೇರಿಯಲ್ಲಿ ಗುಮಾಸ್ತರು. ಊಟಕ್ಕೆ ಕೂತಾಗ ಉಪ್ಪು ಬೇಕಿದ್ದರೂ ಕೇಳದಷ್ಟು ಮಿತಭಾಷಿ. ಇಬ್ಬರು ಮಕ್ಕಳು, ತಾಯಿ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಎದುರುತ್ತರ ಕೊಡುವವರು. ನಾನು ಅವರನ್ನು ಅಕ್ಕ ಎಂದು ಕರೆದೆ. ಉಳಿದ ಲೋಕಕ್ಕೆಲ್ಲ ಅವರು ಚೇಚಿ. ಅರ್ಥ ಅದೇ.

ಅಕ್ಕ ಆಗ ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಮನೆಯ ಮುಂದೆಯೇ ಅಂಬಲಮುಗಳ್ ಕಡೆಗೆ ಹೋಗುವ ಬಸ್ಸಿನ ನಿಲ್ದಾಣ. ಅಲ್ಲಿ ಎಣ್ಣೆ ಶುದ್ಧೀಕರಿಸುವ ದೊಡ್ಡ ಕಾರ್ಖಾನೆ ಬಂದು, ಅದರ ಬೆನ್ನಿಗೆ ರಸ್ತೆಯುದ್ದಕ್ಕೂ ಸಣ್ಣಪುಟ್ಟ ವರ್ಕ್‌ಶಾಪುಗಳು ಹುಟ್ಟಿಕೊಳ್ಳುತ್ತಿದ್ದ ಕಾಲ. ಬೆಳಿಗ್ಗೆ ನೂಕುನುಗ್ಗಲಿನಲ್ಲಿ ಹತ್ತುವ ಕೆಲಸಗಾರರನ್ನು ನಾನೂ ನೋಡುತ್ತಿದ್ದೆ, ಅಕ್ಕನೂ ನೋಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಜನ. ಅಕ್ಕನಿಗೆ ಕಾಣುತ್ತಿದ್ದದ್ದು ಮೊಣಕಾಲಿನಲ್ಲಿ ಹರಿದ ಷರಾಯಿ, ಕಂಕುಳಲ್ಲಿ ಬಿಟ್ಟ ಹೊಲಿಗೆ.

ಒಂದು ಸಂಜೆ ಬಸ್ಸಿಳಿದ ಒಬ್ಬನನ್ನು ನಿಲ್ಲಿಸಿಯೇಬಿಟ್ಟರು. ಅವನ ಅಂಗಿಯ ತೋಳು ಮಡಿಸಿ ಮಡಿಸಿ ಹಗ್ಗದಂತಾಗಿತ್ತು. "ತೋಳು ಇಳಿಸಿಕೊಳ್ಳುವುದಿಲ್ಲವಾ?" ಎಂದು ಮಲಯಾಳದಲ್ಲಿ ಕೇಳಿದರು. ಅವನು, "ಕಿಡಿ ಹಾರುವಾಗ ಇಳಿಸಬೇಕು ಚೇಚಿ, ಸೆಕೆಗೆ ಏರಿಸಬೇಕು. ಏರಿಸಿದರೆ ನಿಲ್ಲುವುದಿಲ್ಲ, ಜಾರುತ್ತದೆ. ಒಂದು ಲಾಡಿ ಇದ್ದಿದ್ದರೆ ಕಟ್ಟಿಕೊಳ್ಳಬಹುದಿತ್ತು" ಎಂದ.

ಅಕ್ಕನ ಉದ್ಯಮ ಶುರುವಾದದ್ದು ಆ ಲಾಡಿಯಿಂದ. ಕಣ್ಣೂರಿನ ನೇಕಾರರಿಂದ ದಪ್ಪ ಹತ್ತಿಬಟ್ಟೆ ತರಿಸಿ, ಮೊಣಕಾಲು, ಮೊಣಕೈಗೆ ಎರಡು ಪದರ ಕೊಟ್ಟು, ತೋಳಿನ ತುದಿಗೆ ಗಟ್ಟಿಯಾದ ಲಾಡಿ ಹಾಕಿ ಕೆಲಸದ ಉಡುಪು ಹೊಲಿದರು. ಹೊಲಿದ ಮೇಲೆ ತೋಳನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಲಾಡಿಯನ್ನು ಎರಡು ಕೈಯಿಂದ ಎಳೆಯುತ್ತಿದ್ದರು. "ಬಟ್ಟೆ ಹರೀಲಿ, ನನ್ನ ಹೊಲಿಗೆ ಬಿಡ್ಬಾರ್ದು" ಎನ್ನುವುದು ಅವರ ಮಾತು. ಮನೆಯ ಹಿಂದಿನ ಷೆಡ್ಡಿಗೆ ಯಂತ್ರಗಳು ಬಂದವು, ಆಸುಪಾಸಿನ ಹೆಂಗಸರು ಕೆಲಸಕ್ಕೆ ಸೇರಿದರು. ಬಿ.ಎ. ಓದಿ ಸುಮ್ಮನೆ ಕೂತಿದ್ದ ನನ್ನನ್ನು ವರ್ಕ್‌ಶಾಪುಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ಕೂರಿಸಿಕೊಂಡರು. "ನಿನ್ನ ಇಂಗ್ಲಿಷು ಭಾರೀ ಚೆಂದ ಉಂಟು ಮಾರಾಯ್ತಿ. ಆದ್ರೆ ಅವರಿಗೆ ಎಂತ ಬೇಕು ಅಂತ ಒಂದೇ ಸಾಲಲ್ಲಿ ಕೇಳು. ನಮ್ಮ ಹೊಗಳಿಕೆ ಬೇಡ" ಎಂದು ನನ್ನ ಮೊದಲ ಕಾಗದವನ್ನೇ ವಾಪಸು ಕೊಟ್ಟಿದ್ದರು.

ಅಕ್ಕನ ಕತೆ ಹೇಳುವಾಗ ಅವರ ಭಾವನ ಕತೆಯನ್ನು ಬಿಡಲಾಗುವುದಿಲ್ಲ. ಯಜಮಾನರ ಅಣ್ಣ, ತಿರುವನಂತಪುರದಲ್ಲಿ ನೆಲೆಸಿದ್ದವರು. ಎತ್ತರದ ಆಳು, ಗರಿಗರಿ ಜುಬ್ಬ, ಕೋಣೆಗೆ ಬಂದರೆ ಕೋಣೆಯೇ ಬೆಳಗಿದ ಹಾಗೆ. ಅಕ್ಕನಿಗೆ ಮೊದಲ ಹೊಲಿಗೆ ಯಂತ್ರ ತಂದುಕೊಟ್ಟವರು ಅವರೇ. ಗುಮಾಸ್ತರ ಹೆಂಡತಿ ಗಂಡಸರ ಷರಾಯಿ ಹೊಲಿಯುವುದೇ ಎಂದು ನೆಂಟರು ಮೂಗು ಮುರಿದಾಗ, "ಹೊಲೀಲಿ. ಹರಿದದ್ದು ಹಾಕ್ಕೊಂಡು ಹೋಗುದು ಮರ್ಯಾದೆಯಾ?" ಎಂದು ಎಲ್ಲರ ಬಾಯಿ ಮುಚ್ಚಿಸಿದವರೂ ಅವರೇ. ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಸೋತವರ ಬಗ್ಗೆ ಜನ ಸುಲಭವಾಗಿ ಮಾತಾಡಿಬಿಡುತ್ತಾರೆ.

ಭಾವ ತಿರುವನಂತಪುರದ ಹತ್ತಿರ, ತುಂಬಾ ಎಂಬ ಕಡಲತೀರದ ಊರಿಗೆ ಹೋಗುವ ರಸ್ತೆಯಲ್ಲಿ ಮಳೆಕೋಟಿನ ಕಾರ್ಖಾನೆ ತೆರೆದರು. ಅದರ ಆರಂಭಕ್ಕೆ ಅಕ್ಕನ ಜೊತೆ ನಾನೂ ಹೋಗಿದ್ದೆ. ರಬ್ಬರು ಹಚ್ಚಿದ ಬಟ್ಟೆ, ಅವರೇ ತಿಂಗಳುಗಟ್ಟಲೆ ಕೂತು ಬಿಡಿಸಿದ ನಮೂನೆ. ತಲೆಗೆ ಟೋಪಿ, ಎದೆಗೆ ಎರಡು ಸಾಲು ಗುಂಡಿ, ಪಾದದವರೆಗೆ ಇಳಿಯುವ ಉದ್ದ. ಒಬ್ಬ ಕೆಲಸಗಾರನಿಗೆ ತೊಡಿಸಿ ಮೇಲಿನಿಂದ ಕೊಡಗಟ್ಟಲೆ ನೀರು ಸುರಿಸಿದರು. ಒಳಗೆ ಒಂದು ಹನಿ ಇಳಿಯಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೋಟು ಬಿಚ್ಚಿದಾಗ ಅವನು ಬೆವರಿನಲ್ಲಿ ತೊಯ್ದುಹೋಗಿದ್ದ. ಅದನ್ನು ನೋಡಿ ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗದೆ ಅವನಿಗೆ ಕುಡಿಯಲು ನೀರು ಕೊಟ್ಟರು.

ಆ ಸಂಭ್ರಮದ ನಡುವೆ ಆ ಊರಿನ ಒಬ್ಬ ಮೀನುಗಾರ ಒಳಗೆ ಬಂದ. ಕೋಟನ್ನು ಮುಟ್ಟಿ, ತಿರುಗಿಸಿ, ಮೂಸಿ ನೋಡಿದ. ಮಲಯಾಳದಲ್ಲಿ ಬಹಳ ವಿನಯದಿಂದ, "ಸಾರ್, ಇದನ್ನು ಸೊಂಟಕ್ಕೆ ಕತ್ತರಿಸಿ ಕೊಡಬಹುದಾ? ದೋಣಿಯಲ್ಲಿ ಕಾಲಿಗೆ ತೊಡರುತ್ತದೆ. ಸೊಂಟದ ಕೆಳಗೆ ಹೇಗೂ ನೆನೆಯುತ್ತೇವೆ" ಎಂದ.

ಭಾವ ಅವನ ಹೆಗಲ ಮೇಲೆ ಕೈಯಿಟ್ಟು, "ಇದು ಮೀನಲ್ಲಪ್ಪಾ, ತಲೆ ಬೇರೆ ಬಾಲ ಬೇರೆ ಮಾಡಿ ಮಾರಲಿಕ್ಕೆ" ಎಂದರು. ಸುತ್ತ ನಗೆಯೋ ನಗೆ. ಅವನೂ ನಕ್ಕು ಹೊರಟುಹೋದ.

ಹಿಂದಿರುಗುವಾಗ ರೈಲು ಕೊಟ್ಟಾಯಂ ದಾಟಿದ ಮೇಲೆ ಅಕ್ಕ, "ಈ ಊರಲ್ಲಿ ಮಳೆ ಬಂದ್ರೆ ಗಂಡಸ್ರು ಮುಂಡು ಎತ್ತಿ ಕಟ್ತಾರೆ. ಪಾದದವರೆಗೆ ಯಾರು ಮುಚ್ಕೊಳ್ತಾರೆ?" ಎಂದರು. ನಾನು, "ನೀವು ಅವರಿಗೇ ಹೇಳಬಹುದಿತ್ತಲ್ಲ ಅಕ್ಕ" ಎಂದೆ. "ಹೇಳಿದೆ. ಮೊಣಕಾಲಿಗೆ ನಿಂತ್ರೆ ಅದು ಕೋಟೇ ಅಲ್ಲ ಅಂದ್ರು."

ಕೆಲವು ಮಳೆಗಾಲಗಳು ಕಳೆದವು. ಅಂಗಡಿಯವರು ಕೋಟುಗಳನ್ನು ಹಿಂದಕ್ಕೆ ಕಳಿಸಿದರು. ಜನಕ್ಕೆ ಒಳ್ಳೆಯ ವಸ್ತುವಿನ ಬೆಲೆ ಗೊತ್ತಿಲ್ಲ ಎಂದರು ಭಾವ. ಕೊಡೆ ಮಾರುವವರು ಸೇರಿ ತನ್ನನ್ನು ತುಳಿದರು ಎಂದರು. ಕೊನೆಗೆ ಬೀಗ ಹಾಕಿದರು. ಹೆಂಡತಿಯನ್ನು ಮೊದಲೇ ಕಳೆದುಕೊಂಡಿದ್ದ ಅವರು ಒಂದು ಟ್ರಂಕು ಹಿಡಿದು ತ್ರಿಪ್ಪುಣಿತ್ತುರಕ್ಕೆ ಬಂದು ತಮ್ಮನ ಮನೆಯ ಜಗಲಿಯಲ್ಲಿ ಕೂತರು. ಗರಿಗರಿ ಜುಬ್ಬ ಹಾಗೇ ಇತ್ತು. ಒಳಗಿನ ಮನುಷ್ಯ ಮುದುಡಿದ್ದ.

ಅಕ್ಕ ಅವರಿಗೆ ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮರುದಿನ ಒಂದು ಥಾನು ಬಟ್ಟೆ ಅವರ ಮುಂದೆ ಹಾಕಿ, "ಭಾವ, ನಿಮ್ಮ ಕೈ ನೆಟ್ಟಗೆ ಉಂಟು. ನಮ್ಮ ಹೆಂಗಸ್ರು ಕತ್ತರಿಸಿದ್ರೆ ಓರೆ ಹೋಗ್ತದೆ. ಸ್ವಲ್ಪ ನೋಡ್ತೀರಾ?" ಎಂದರು. ಅವರು ಎರಡು ದಿನ ನೋಡಲಿಲ್ಲ. ಮೂರನೆಯ ದಿನ ಕತ್ತರಿ ತೆಗೆದುಕೊಂಡರು.

ನಿಜವಾದ ಪರೀಕ್ಷೆ ಬಂದದ್ದು ಆಮೇಲೆ, ಅಕ್ಕನಿಗೆ.

ಅಂಬಲಮುಗಳ್ ದಾರಿಯಲ್ಲಿದ್ದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿದ್ದ ಕೆಲಸಗಾರನ ಕೈ ಯಂತ್ರಕ್ಕೆ ಸಿಕ್ಕಿತು. ಅವನು ತೊಟ್ಟಿದ್ದದ್ದು ಅಕ್ಕನ ಉಡುಪು. ಸುದ್ದಿ ತಂದವರು ಅಕ್ಕನನ್ನು ದೂರಲಿಲ್ಲ. ಅವನು ಅಜಾಗರೂಕತೆಯಿಂದ ಬಗ್ಗಿದನಂತೆ ಎಂದಷ್ಟೇ ಹೇಳಿದರು. ಮಾಲೀಕರೂ ಅದನ್ನೇ ಹೇಳುತ್ತಿದ್ದರು. ಅಕ್ಕ ಬಾಯಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು. "ಆಸ್ಪತ್ರೆಗೆ ಹೋಗುವ, ಬಾ" ಎಂದರು ನನಗೆ.

ಅವನು ಇನ್ನೂ ಮೂವತ್ತು ದಾಟದ ಯುವಕ. ಬಲಗೈ ಮೊಣಕೈಯವರೆಗೆ ಬ್ಯಾಂಡೇಜು. ಕೆಲವು ಬೆರಳುಗಳು ಹೋಗಿದ್ದವು. ಹೆಂಡತಿ ಕಾಲ ಬಳಿ ಕೂತಿದ್ದಳು. ತಾನು ಯಾರೆಂದು ಅಕ್ಕ ಹೇಳಿಕೊಂಡರು. ಏನಾಯಿತೆಂದು ಕೇಳಿದರು. ಅವನು ಚಾವಣಿ ನೋಡುತ್ತ ಹೇಳಿದ. ತೋಳು ಏರಿಸಿ ಕಟ್ಟಿದ್ದ ಲಾಡಿಯ ತುದಿ ಜೋತಾಡುತ್ತಿತ್ತು, ಅದು ತಿರುಗುವ ಕಬ್ಬಿಣಕ್ಕೆ ಸುತ್ತಿಕೊಂಡಿತು, ಎಳೆಯಿತು.

"ಹರಿಯಲಿಲ್ಲವಾ?" ಎಂದರು ಅಕ್ಕ.

"ಚೇಚಿಯ ಹೊಲಿಗೆಯಲ್ಲವಾ? ಬಿಡಲಿಲ್ಲ" ಎಂದ ಅವನು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೇ. "ಹರಿದಿದ್ದರೆ ಕೈ ಉಳಿಯುತ್ತಿತ್ತು."

ಹೆಂಡತಿ ತಲೆಯೆತ್ತಿ ಅಕ್ಕನನ್ನು ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿದಳು. ಅಕ್ಕ ಆಮೇಲೆ ಎಷ್ಟೋ ಸಲ ಹೋದರು, ಅವಳ ಗಂಡನಿಗೆ ಬೇರೆ ಕೆಲಸ ಸಿಗುವಂತೆ ಓಡಾಡಿದರು, ಸಿಕ್ಕಿತೂ ಸಹ. ಆದರೆ ಆಕೆ ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ. "ಆಡುದು ಬೇಡ. ಅವಳ ಜಾಗದಲ್ಲಿ ನಾನಿದ್ರೂ ಆಡ್ತಿರಲಿಲ್ಲ" ಎನ್ನುತ್ತಿದ್ದರು ಅಕ್ಕ.

ಆಸ್ಪತ್ರೆಯಿಂದ ಬಂದ ಸಂಜೆ ಜಗಲಿಯಲ್ಲಿ ಮಾತು ನಡೆಯಿತು. ಅಕ್ಕ ಹೊರಗೆ ಕೊಟ್ಟ ಉಡುಪುಗಳನ್ನೆಲ್ಲ ವಾಪಸು ತರಿಸುತ್ತೇನೆ ಎಂದರು. ಭಾವ ಎದ್ದು ನಿಂತುಬಿಟ್ಟರು.

"ನಿನಗೆ ಹುಚ್ಚಾ? ಯಾರೂ ನಿನ್ನ ಹೆಸರು ಎತ್ತಲಿಲ್ಲ. ನೀನೇ ಹೋಗಿ ನನ್ನ ಬಟ್ಟೆ ಕೊಲ್ತದೆ ಅಂತ ಡಂಗುರ ಹೊಡೀತೀಯಾ? ಇನ್ನು ಮುಂದೆ ಲಾಡಿ ಹಾಕ್ಬೇಡ, ಮುಗೀತು. ಹಳೇದರ ಸುದ್ದಿ ಬೇಡ. ಒಂದು ಕಾರ್ಖಾನೆ ಮುಚ್ಚುದು ಅಂದ್ರೆ ಎಂತ ಅಂತ ನನಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ."

ಅದು ಸಿಟ್ಟಲ್ಲ, ಹೆದರಿಕೆ. ತಾನು ಬಿದ್ದ ಹಳ್ಳಕ್ಕೆ ಇವಳೂ ಬೀಳುತ್ತಾಳಲ್ಲ ಎಂಬ ಸಂಕಟ.

ಅಕ್ಕ ಮೆಲ್ಲಗೆ ಹೇಳಿದರು: "ಭಾವ, ಹೊರಗೆ ಇದ್ದ ಉಡುಪೆಲ್ಲ ಇವತ್ತು ರಾತ್ರಿ ಗೂಟದಲ್ಲಿ ತೂಗ್ತಾ ಉಂಟು. ನಾಳೆ ಬೆಳಿಗ್ಗೆ ಅದನ್ನು ಹಾಕ್ಕೊಂಡು ಅವರು ಬಸ್ಸು ಹತ್ತುದು ನಮ್ಮ ಮನೆ ಎದುರಿಂದಲೇ. ನಾನು ಎಲ್ಲಿ ಕೂತು ಕಾಫಿ ಕುಡಿಯುದು ಹೇಳಿ."

ಒಳಬಾಗಿಲಲ್ಲಿ ನಿಂತಿದ್ದ ಯಜಮಾನರು, ಮಾತೇ ಆಡದವರು, ಆಗ ಆಡಿದರು. "ಅವಳು ಹೇಳಿದ ಹಾಗೆ ಮಾಡುವ."

ಎಲ್ಲ ಕಡೆಗೂ ನಾನೇ ಕಾಗದ ಬರೆದೆ. ಬೆಳಿಗ್ಗೆ ಅಕ್ಕ ಸ್ವತಃ ಬಸ್ಸಿನ ನಿಲ್ದಾಣದಲ್ಲಿ ಕತ್ತರಿ ಹಿಡಿದು ನಿಂತರು. ಬಂದವರ ತೋಳಿನ ಲಾಡಿಯನ್ನು ಅಲ್ಲೇ ಕತ್ತರಿಸಿದರು. ಕೆಲವರು ನಕ್ಕರು, ಕೆಲವರು ಗೊಣಗಿದರು. "ಚೇಚಿ, ಈ ಲಾಡಿಗಾಗಿಯೇ ತಗೊಂಡದ್ದು" ಎಂದು ಒಬ್ಬ ತೋಳು ಹಿಂದಕ್ಕೆಳೆದುಕೊಂಡ. ಅವನನ್ನು ಬೇಡಿಕೊಂಡು ಕತ್ತರಿಸಬೇಕಾಯಿತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಭಾವ ಇನ್ನೊಂದು ಕತ್ತರಿ ಹಿಡಿದು ಸಾಲಿನ ಆ ತುದಿಯಲ್ಲಿ ನಿಂತಿದ್ದಾರೆ.

ಭಾವ ಹೆದರಿದ ಹಾಗೇ ಆಯಿತು. ಆ ಉಡುಪಿನ ಬಗ್ಗೆ ಮಾತು ಹರಡಿತು. ವರ್ಕ್‌ಶಾಪುಗಳು ಕೇಳುವುದನ್ನು ನಿಲ್ಲಿಸಿದವು. ಒಂದು ಇಡೀ ಮಳೆಗಾಲ ಷೆಡ್ಡಿನಲ್ಲಿ ಯಂತ್ರಗಳ ಮೇಲೆ ಗೋಣಿ ಹೊದೆಸಿತ್ತು. ಹೆಂಗಸರಲ್ಲಿ ಕೆಲವರು ಬೇರೆ ಕಡೆ ಹೋದರು. ಅಕ್ಕ ಮತ್ತೆ ರವಿಕೆ ಹೊಲಿದರು. ಆ ದಿನಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದೇನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು. ಗೆದ್ದವರು ಅಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಆದರೆ ಸಂಜೆಯಾಗುತ್ತಲೇ ಅಕ್ಕ ಮತ್ತು ಭಾವ ಮೇಜಿನ ಎರಡು ಬದಿಗೆ ಕೂರುತ್ತಿದ್ದರು. ಒಂದು ತೋಳು ಹೊಲಿಯುವುದು, ಎಳೆಯುವುದು, ಬಿಚ್ಚುವುದು. ಗಾಯಗೊಂಡ ಯುವಕನ ಮಾತು ಅಕ್ಕನ ತಲೆಯಲ್ಲಿ ಕೂತಿತ್ತು. "ಇಷ್ಟು ದಿನ ಬಿಡದ ಹೊಲಿಗೆ ಹೊಲಿದೆ. ಈಗ ಬೇಕಾದಾಗ ಬಿಡುವ ಹೊಲಿಗೆ ಕಲೀಬೇಕು" ಎಂದರು. ಕೊನೆಗೆ ಲಾಡಿಯ ಜಾಗದಲ್ಲಿ ಚಿಕ್ಕದೊಂದು ಪಟ್ಟಿ, ಅದಕ್ಕೆ ಒತ್ತುಗುಂಡಿ. ತೋಳು ಏರಿಸಿದರೆ ಮೈಗಂಟಿಕೊಂಡು ನಿಲ್ಲುತ್ತದೆ, ಜೋತಾಡುವುದಿಲ್ಲ, ಯಾವುದಕ್ಕಾದರೂ ಸಿಕ್ಕಿ ಎಳೆದರೆ ಟಪ್ಪನೆ ಬಿಚ್ಚಿಕೊಳ್ಳುತ್ತದೆ. ಮಾದರಿಯನ್ನು ಮೊದಲು ತೋರಿಸಿದ್ದು ಆ ಯುವಕನಿಗೇ. ಅವನು ಎಡಗೈಯಿಂದ ಎಳೆದು ನೋಡಿ, ಪಟ್ಟಿ ಇನ್ನೂ ಗಿಡ್ಡವಾಗಲಿ ಎಂದ. ಗಿಡ್ಡ ಮಾಡಿದರು.

ಕೆಲಸ ಒಮ್ಮೆಲೇ ಹಿಂದಿರುಗಲಿಲ್ಲ. ಒಂದು ಸಣ್ಣ ವರ್ಕ್‌ಶಾಪಿನ ಮೇಸ್ತ್ರಿ ಬಂದು, "ತಪ್ಪಾಯಿತೆಂದು ಹೇಳಿಕೊಂಡು ಬಂದವರನ್ನು ನಾನು ನೋಡಿದ್ದು ಇದೇ ಮೊದಲು" ಎಂದು ತನ್ನ ಕೆಲಸಗಾರರಿಗಷ್ಟೇ ಹೊಲಿಸಿಕೊಂಡ. ಅವನಿಂದ ಇನ್ನೊಬ್ಬ. ಹೀಗೆ ನಿಧಾನವಾಗಿ, ಗೋಣಿಗಳು ಒಂದೊಂದಾಗಿ ಯಂತ್ರಗಳ ಮೇಲಿಂದ ಇಳಿದವು.

ಎಪ್ಪತ್ತರ ಆರಂಭದಲ್ಲಿ ನಮಗೆ ತಿರುವನಂತಪುರಕ್ಕೆ ವರ್ಗವಾಯಿತು. ಪಟ್ಟಂನಲ್ಲಿ ಮನೆ. ಕೈ ಕಟ್ಟಿ ಕೂರುವ ಅಭ್ಯಾಸ ತಪ್ಪಿಹೋಗಿದ್ದ ನಾನು ಮಹಡಿಯ ಮೇಲೆ ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸುವ ಶಾಲೆ ತೆರೆದೆ. ಸುತ್ತ ಸರ್ಕಾರಿ ಕಚೇರಿಗಳು, ಹುಡುಗಿಯರು ಸಾಲುಗಟ್ಟಿ ಬಂದರು. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಮಂದಿ ಬಿಟ್ಟರು. ನನಗೆ ಭಾವ ಆಡಿದ್ದಂಥ ಮಾತುಗಳೇ ಬಾಯಿಗೆ ಬರತೊಡಗಿದವು. ಈಗಿನ ಹುಡುಗಿಯರಿಗೆ ಶ್ರದ್ಧೆ ಇಲ್ಲ, ಎದುರು ಬೀದಿಯ ಇನ್‌ಸ್ಟಿಟ್ಯೂಟಿನವರು ತಲೆ ಕೆಡಿಸಿದ್ದಾರೆ, ಹೀಗೆಲ್ಲ.

ಆಗ ಅಕ್ಕ ಬಟ್ಟೆಯ ಕೆಲಸಕ್ಕೆಂದು ಬಂದವರು ನಮ್ಮಲ್ಲಿ ಉಳಿದರು. ನನ್ನ ದೂರನ್ನೆಲ್ಲ ಕೇಳಿ, "ಬಿಟ್ಟು ಹೋದವರ ಮನೆಗೆ ಹೋಗಿದ್ದೀಯಾ?" ಎಂದರು.

"ಅವರ ಮನೆಗೆ ಯಾಕೆ ಅಕ್ಕ? ಇರೋವ್ರನ್ನ ಕೇಳಿದ್ದೀನಿ. ಎಲ್ಲಾ ಚೆನ್ನಾಗಿದೆ ಅಂತಾರೆ."

"ಇರುವವರಿಗೆ ಚೆಂದ ಉಂಟು, ಅದಕ್ಕೇ ಇದ್ದಾರೆ. ಹೋದವರನ್ನು ಕೇಳು. ನಾಚಿಕೆ ಆಗ್ತದೆ, ಆಗ್ಲಿ."

ನಾಚಿಕೆ ನಿಜಕ್ಕೂ ಆಯಿತು. ಮೂರನೆಯ ಮನೆಯಲ್ಲಿ ಒಬ್ಬಳ ತಾಯಿ ಬಾಯಿಬಿಟ್ಟರು. ಸಂಜೆ ತರಗತಿ ಬಿಡುವ ಹೊತ್ತಿಗೆ ಮೆಟ್ಟಿಲ ಕೆಳಗೆ ಪೋಕರಿಗಳ ಗುಂಪು ನಿಂತಿರುತ್ತದೆ, ಹುಡುಗಿಯರು ತಲೆ ತಗ್ಗಿಸಿ ಇಳಿಯಬೇಕು, ನಿಮಗೆ ಮೇಲಿನಿಂದ ಕಾಣುವುದಿಲ್ಲ ಎಂದರು. ನಾನು ತರಗತಿಯನ್ನು ಬೆಳಿಗ್ಗೆಗೆ ಬದಲಾಯಿಸಿದೆ. ಬಿಡುವ ಹೊತ್ತಿಗೆ ನಾನೇ ಕೆಳಗಿಳಿದು ಬಾಗಿಲಲ್ಲಿ ಕುರ್ಚಿ ಹಾಕಿ ಕೂರತೊಡಗಿದೆ. ಹೋದವರಲ್ಲಿ ಹಲವರು ತಿರುಗಿ ಬಂದರು. ಆ ಶಾಲೆ ನನ್ನ ಗಂಡ ನಿವೃತ್ತರಾಗುವವರೆಗೂ ನಡೆಯಿತು. ಅದರಲ್ಲಿ ಕಲಿತವರು ಇಂದಿಗೂ ಎಲ್ಲಾದರೂ ಸಿಕ್ಕಿ ಟೀಚರ್ ಎಂದು ಕೈ ಹಿಡಿದುಕೊಳ್ಳುತ್ತಾರೆ.

ಅದೇ ಭೇಟಿಯಲ್ಲಿ ನಾನು ಅಕ್ಕನನ್ನು ನೇರವಾಗಿ ಕೇಳಿದ್ದೆ. ಭಾವ ನಿಮಗಿಂತ ಓದಿದವರು, ಜಾಣರು, ನಿಮಗಿಂತ ಹೆಚ್ಚು ದುಡಿದವರು. ಅವರದು ಯಾಕೆ ಮುಚ್ಚಿತು, ನಿಮ್ಮದು ಯಾಕೆ ಉಳಿಯಿತು?

"ಅರ್ಧ ಅದೃಷ್ಟ ಮಾರಾಯ್ತಿ. ನನಗೆ ಬಿದ್ದಾಗ ಹಿಡೀಲಿಕ್ಕೆ ಮನೆ ತುಂಬಾ ಜನ ಇದ್ರು. ಭಾವ ಒಬ್ರೇ ಇದ್ರು. ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುದಿಲ್ಲ" ಎಂದರು ಅಕ್ಕ. ಆಮೇಲೆ, "ಇನ್ನರ್ಧ ಎಂತ ಅಂದ್ರೆ, ಅವರು ಸೋಲು ಬಾರದ ಹಾಗೆ ಬಾಗಿಲು ಕಾದರು. ಅದು ಒಟ್ಟಿಗೆ ಬಂತು, ದೊಡ್ಡದಾಗಿ. ನಾನು ದಿನಾ ಸ್ವಲ್ಪ ಸ್ವಲ್ಪ ಸೋತೆ. ತೋಳು ಸರಿ ಇಲ್ಲ, ಬಿಚ್ಚು. ಜೇಬು ಸರಿ ಇಲ್ಲ, ಬಿಚ್ಚು. ಬಿಚ್ಚಿ ಬಿಚ್ಚಿ ಅಭ್ಯಾಸ ಆಯ್ತು" ಎಂದು ನಕ್ಕರು.

ಭಾವನೂ ಒಮ್ಮೆ, ಅಕ್ಕ ಇಲ್ಲದ ಹೊತ್ತಿನಲ್ಲಿ, ತಾವಾಗಿಯೇ ನನಗೆ ಹೇಳಿದ್ದರು: "ಆ ಮೀನುಗಾರ ಹೇಳಿದ್ದು ನನಗೆ ಕೇಳಿಸಿತ್ತಮ್ಮ. ಒಳ್ಳೇ ಉತ್ತರ ಕೊಟ್ಟೆ ಅನ್ನುವ ಖುಷಿಯಲ್ಲಿ ಅವನ ಪ್ರಶ್ನೆ ಮರೆತುಹೋಯ್ತು."

ಎಪ್ಪತ್ತರ ದಶಕ ಮುಗಿಯುವ ಮೊದಲೇ ಅಕ್ಕ ತೀರಿಕೊಂಡರು. ಹೊಟ್ಟೆಯ ಕಾಯಿಲೆ, ಬೇಗ ಉಲ್ಬಣಿಸಿತು. ನಾನು ತ್ರಿಪ್ಪುಣಿತ್ತುರ ತಲುಪುವಾಗ ಎಲ್ಲ ಮುಗಿದು ಗಂಡಸರು ಸ್ಮಶಾನದಿಂದ ಹಿಂದಿರುಗಿದ್ದರು. ಯಜಮಾನರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿ, "ಕಾಫಿ ಕುಡೀತೀಯಾ?" ಎಂದರು. ಅಷ್ಟು ವರ್ಷಗಳಲ್ಲಿ ಅವರಾಗಿ ನನ್ನನ್ನು ಮಾತಾಡಿಸಿದ್ದು ಅದೊಂದೇ ಸಲ.

ಷೆಡ್ಡಿನ ಹೆಂಗಸರೆಲ್ಲ ಹಿತ್ತಲಲ್ಲಿ ನಿಂತಿದ್ದರು. ಅಳು ಮುಗಿದಿತ್ತು. ಈಗ ಅವರ ಮುಖದಲ್ಲಿದ್ದದ್ದು ಇನ್ನೊಂದು ಚಿಂತೆ, ಕೇಳಲು ಬಾಯಿ ಬಾರದ ಚಿಂತೆ. ಭಾವ ಎದ್ದು ಅವರ ಬಳಿಗೆ ನಡೆದರು. ಮುದುಕರಾಗಿದ್ದರು, ಜುಬ್ಬದ ಗರಿ ಎಂದೋ ಹೋಗಿತ್ತು. ಅವರು ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ನಾನು ಕಾದೆ. ಅವರು ಹೆಂಗಸರ ಎದುರು ಒಂದು ಸ್ಟೂಲಿನ ಮೇಲೆ ಕೂತು ಮಲಯಾಳದಲ್ಲಿ ಕೇಳಿದರು, "ಇದನ್ನು ನಡೆಸುವುದು ನನ್ನೊಬ್ಬನಿಂದ ಆಗುವುದಿಲ್ಲ. ನೀವು ಹೇಳಿ, ಏನು ಮಾಡೋಣ?"

ಭಾವ ಅವಸರ ಮಾಡಲಿಲ್ಲ, ಕಾದರು. ಕೊನೆಗೆ ಎಲ್ಲರಿಗಿಂತ ಹಿರಿಯ ಹೆಂಗಸು ಹೆಗಲ ಮೇಲ್ಮುಂಡಿನ ತುದಿಯಿಂದ ಮುಖ ಒರೆಸಿಕೊಂಡು, "ಒಪ್ಪಿಕೊಂಡ ಕೆಲಸ ಮೊದಲು ಮುಗಿಸೋಣ ಸಾರ್. ಆಮೇಲೆ ಕೂತು ಮಾತಾಡೋಣ" ಎಂದಳು. ಭಾವ ತಲೆಯಾಡಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಷೆಡ್ಡಿನೊಳಕ್ಕೆ ಹೋದರು.